ಹೊಳೆದಂಡೆ ಮನೆಗೆ ನೆರೆನಷ್ಟದ ವರದಿ: ಲೆಕ್ಕ ಗಟ್ಟಿ, ಲೆವೆಲ್ ಸಡಿಲ

ಸಕಲೇಶಪುರದಲ್ಲಿ ಹೇಮಾವತಿ ಬದಿಯ, ತೋಟದ ಅಂಚಿನ ಮನೆಯೊಂದಕ್ಕೆ ಹಾಸನದ ಖಾಸಗಿ ಕನ್ಸಲ್ಟೆಂಟ್ ಒಬ್ಬರು ಮಾಡಿಕೊಟ್ಟ ವರದಿ ಇದು. ಹೆಸರು ಬೇಡ. 2018, 2019ರ ಆಗಸ್ಟ್ ಮಳೆ ನೋಡಿದವರು ಹೊಳೆಬದಿ ಆಸ್ತಿ ಕೊಳ್ಳುವಾಗ ಈಗ ಇಂಥ ಅಂದಾಜು ಕೇಳುವುದು ಸಹಜವೇ.

ಹಣದ ಲೆಕ್ಕ ಚೊಕ್ಕವಾಗಿದೆ. 10 ವರ್ಷಕ್ಕೊಮ್ಮೆಯ ನೆರೆಗೆ ನಷ್ಟ ಸೊನ್ನೆ, 25 ವರ್ಷದ್ದಕ್ಕೆ 2 ಲಕ್ಷ, 100 ವರ್ಷದ್ದಕ್ಕೆ 6 ಲಕ್ಷ. ಇಂಥ ನೆರೆ ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ಕ್ರಮವಾಗಿ ಶೇ 10, 4, 1. ಪಕ್ಕಪಕ್ಕದ ಎರಡು ನಷ್ಟಗಳ ಸರಾಸರಿಯನ್ನು ಈ ಸಂಭವಗಳ ಅಂತರದಿಂದ ಗುಣಿಸಿದರೆ 6,000, ಆಮೇಲೆ 12,000; 100 ವರ್ಷದ್ದಕ್ಕಿಂತ ದೊಡ್ಡ, ಅಪರೂಪದ ನೆರೆಗಳ ಪಾಲಿಗೆ (6 ಲಕ್ಷದ ಶೇ 1) ಇನ್ನೊಂದು 6,000. ಒಟ್ಟು ವರ್ಷಕ್ಕೆ 24,000 ರೂಪಾಯಿ. ಶೇ 8ರ ಬಡ್ಡಿಯಲ್ಲಿ 30 ವರ್ಷದ್ದನ್ನು ಇಂದಿನ ಬೆಲೆಗೆ ಇಳಿಸಿದರೆ ಸುಮಾರು 2.7 ಲಕ್ಷ. ಚೌಕಾಸಿಗೆ ಕೂತಾಗ ಬೆಲೆಯಿಂದ ಕಳೆಯಬೇಕಾದ ಮೊತ್ತ ಇದೇ. ನೀರಿನ ಆಳಕ್ಕೆ ತಕ್ಕ ನಷ್ಟದ ಪಟ್ಟಿಯೂ ಮೆಚ್ಚುವಂಥದ್ದು: ಒಳಗೆ ಒಂದಡಿ ದಾಟಿದ ಕೂಡಲೇ ಕೆಳಗಿನ ಪ್ಲಗ್ ಪಾಯಿಂಟ್, ಫ್ರಿಜ್ಜಿನ ಕಂಪ್ರೆಸರ್, ಪ್ಲೈವುಡ್ ಕಪಾಟಿನ ಬುಡ ಒಟ್ಟಿಗೇ ಹೋಗುತ್ತವೆ ಎಂದು ಬಿಡಿಬಿಡಿಯಾಗಿ ಬರೆದಿದ್ದಾರೆ.

ಎಡವಿದ್ದು ನೆಲದ ಎತ್ತರದಲ್ಲಿ. ನೆಲವನ್ನು 30 ಮೀಟರ್ ಚೌಕಗಳಾಗಿ ಹಂಚಿ ಎತ್ತರ ಕೊಡುವ ಉಪಗ್ರಹ ನಕ್ಷೆಯನ್ನೇ ನಂಬಿದ್ದಾರೆ. ಅದರ ಒಂದು ಚೌಕದೊಳಗೆ 30×40 ಅಡಿಯ ಎಂಟು ಸೈಟು ಕೂರುತ್ತವೆ, ಎಲ್ಲಕ್ಕೂ ಒಂದೇ ಎತ್ತರ! ಸಾಲದ್ದಕ್ಕೆ ಇದು ಸಿಲ್ವರ್ ಓಕ್ ಬೆಳೆದ ಜಾಗ. ಇಂಥ ಕಡೆ ನಕ್ಷೆ ನೆಲದ ಬದಲು ಮರದ ತಲೆಯ ಕಡೆಗೆ ವಾಲುತ್ತದೆ, ಮನೆ ನಿಜಕ್ಕಿಂತ ಎತ್ತರದಲ್ಲಿ ಕಾಣುತ್ತದೆ. ನೆಲ ಎರಡಡಿ ತಗ್ಗಿದ್ದು, ನೀರು 5 ವರ್ಷದ ನೆರೆಗೇ ಹೊಸಿಲು ಮುಟ್ಟಿ, ಅದೇ ಮೂರು ನೆರೆಗೆ ನಷ್ಟ 1, 4, 7 ಲಕ್ಷ ಆಯಿತೆನ್ನಿ. ವಾರ್ಷಿಕ ಮೊತ್ತ 24,000ದಿಂದ 43,500ಕ್ಕೆ ಏರುತ್ತದೆ. ಆಟೋ ಲೆವೆಲ್ (ಎತ್ತರ ಅಳೆಯುವ ದುರ್ಬೀನು) ಮತ್ತು ಸ್ಟಾಫ್ (ಅಳತೆ ಗುರುತಿನ ಕೋಲು) ಹಿಡಿದು ಅರ್ಧ ದಿನ ನಿಂತಿದ್ದರೆ ಮುಗಿಯುತ್ತಿತ್ತು: ಅಕ್ಕಪಕ್ಕದ ಗೋಡೆಗಳಲ್ಲಿ ಉಳಿದ ನೆರೆಯ ಗುರುತು, ಹೊಸಿಲು, ಮನೆ ಹಿಂದಿನ ಮೋರಿಯ ತಳ, ಮೂರಕ್ಕೂ ಲೆವೆಲ್ ತೆಗೆಯಬೇಕು. ಮೋರಿ ಕಟ್ಟಿಕೊಂಡರೆ ಹೊಳೆ ಉಕ್ಕದಿದ್ದರೂ ಮನೆಗೆ ನೀರು ಬರುತ್ತದೆ. ವರದಿಯಲ್ಲಿ ಅದರ ಮಾತೇ ಇಲ್ಲ.

ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟೆಯ ಬಗ್ಗೆ ಅರ್ಧ ಪುಟ ಬರೆದಿರುವುದು ಯಾಕೋ. ಅಣೆಕಟ್ಟೆ ಇರುವುದು ಸಕಲೇಶಪುರದಿಂದ ಕೆಳಗೆ. ಗೇಟು ತೆಗೆದ ನೀರಿನ ಚಿಂತೆ ಹೊಳೆನರಸೀಪುರದ ಕಡೆಯವರದು. ಅಲ್ಲಿ ಬರೀ ಮಳೆ ಲೆಕ್ಕ ಸಾಲದು, ಎಷ್ಟು ಕ್ಯೂಸೆಕ್ ಬಿಡುತ್ತಾರೆ ಎನ್ನುವುದೂ ಸೇರಬೇಕು. ಒಂದೇ ನಮೂನೆಯನ್ನು ಎರಡೂ ಊರಿಗೆ ಅಂಟಿಸಿದಂತಿದೆ.

ವಿಮೆಯ ಭಾಗ ಎರಡೇ ಸಾಲು. 2021ರ ಏಪ್ರಿಲ್‌ನಿಂದ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆಯೂ ಸೇರಿದೆ, ಕಟ್ಟಡದ ವಿಮಾ ಮೊತ್ತ ಮರುನಿರ್ಮಾಣದ ಖರ್ಚಿನ ಮೇಲೆ, ಜಾಗದ ಬೆಲೆ ಅದರಲ್ಲಿಲ್ಲ ಎಂದಾದರೂ ಹೇಳಬಹುದಿತ್ತು.

ಐದಕ್ಕೆ ಮೂರು ಅಂಕ. ಮಾಡಿಸುವವರು ಲೆವೆಲ್ ಸರ್ವೆ ದರದಲ್ಲಿ ಸೇರಿದೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ, ಲೆಕ್ಕದ ಎಕ್ಸೆಲ್ ಶೀಟನ್ನೂ ಇಸಿದುಕೊಳ್ಳಿ. ಹೊಸಿಲಿನ ಎತ್ತರ ಬದಲಾಯಿಸಿದರೆ ಮೊತ್ತ ಎಷ್ಟಾಗುತ್ತದೆ ಎಂದು ನೀವೇ ನೋಡಬಹುದು.