ಇಳಕಲ್ ಸೀರೆ ತೋರಿಸಲು ಸೋನಿ ಝಡ್‌ವಿ-ಇ10

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಈಗ ಗಿರಾಕಿಗಳಿಗೆ ಬರೀ ಫೋಟೊ ಸಾಲಲ್ಲ. ‘ವಿಡಿಯೊ ಕಳಸ್ರಿ, ಸೆರಗು ಹತ್ರ ತಂದು ತೋರಸ್ರಿ’ ಅಂತಾರೆ. ಅದಕ್ಕೇ 2021ರಲ್ಲಿ ಬಂದ ಈ 24 ಮೆಗಾಪಿಕ್ಸೆಲ್ ಕ್ಯಾಮೆರಾ ತಗೊಂಡೆ.

ಇದರಲ್ಲಿ ಪ್ರಾಡಕ್ಟ್ ಶೋಕೇಸ್ ಅಂತ ಒಂದು ಸೆಟ್ಟಿಂಗ್ ಇದೆ. ಇಳಕಲ್ ಸೀರೆಯ ತೋಪು ತೆನೆ ವಿನ್ಯಾಸದ ಸೆರಗನ್ನು ಲೆನ್ಸ್ ಮುಂದೆ ಹಿಡಿದರೆ ಸಾಕು, ಫೋಕಸ್ ನನ್ನ ಮುಖ ಬಿಟ್ಟು ಸೆರಗಿಗೆ ಹಾರುತ್ತದೆ. ಕೆಂಪಿನ ನಡುವೆ ಬಿಳಿ ತೆನೆಗಳು ಎಳೆ ಎಳೆಯಾಗಿ ಕಾಣುತ್ತವೆ. ಸೀರೆ ಇಳಿಸಿದರೆ ಮತ್ತೆ ಮುಖಕ್ಕೆ. ಸ್ಕ್ರೀನ್ ನನ್ನ ಕಡೆಗೇ ತಿರುಗುತ್ತದೆ, ಹಿಡಿಯಲು ಇನ್ನೊಬ್ಬರು ಬೇಕಿಲ್ಲ.

ಕಣ್ಣಿಟ್ಟು ನೋಡುವ ಕಿಂಡಿ, ಅಂದ್ರೆ ವ್ಯೂಫೈಂಡರನ್ನೇ ಕೊಟ್ಟಿಲ್ಲ. ಮದುವೆ ಫೋಟೊದವರು ಬೈದುಕೊಳ್ಳಬಹುದು, ನನಗೇನೂ ಕಮ್ಮಿ ಅನಿಸಿಲ್ಲ. ಕೈ ನಡುಗಿದರೆ ಸೆನ್ಸರನ್ನೇ ಸರಿಸಿ ಚಿತ್ರ ಅಲುಗದಂತೆ ಮಾಡುವ ಸೆನ್ಸರ್ ಸ್ಟೆಬಿಲೈಸೇಶನ್ ಇಲ್ಲ. ನಡೀತಾ ಮಗ್ಗ ತೋರಿಸಬೇಕಂದ್ರೆ ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಎಂಬ ಹಿಡಿಕೆ ಇದ್ದರೆ ಒಳ್ಳೇದು, ಅದರ ಖರ್ಚು ಬೇರೆ. ಕೂತಲ್ಲೇ ಮಾರುವವರಿಗೆ ಆ ತಾಪತ್ರಯ ಇಲ್ಲ.