ದುರ್ಗದ ಗಾಳಿಗೆ ಪಾತರಗಿತ್ತಿಯೋ, ಏರೋಪ್ಲೇನ್ ಚಿಟ್ಟೆಯೋ?

ಆಷಾಢದಲ್ಲಿ ಚಿತ್ರದುರ್ಗದ ಮೇಲೆ ಬೀಸುವ ಪಡುವಣ ಗಾಳಿ ಜೋಗಿಮಟ್ಟಿ ಗುಡ್ಡಸಾಲಿನ ಗಾಳಿಯಂತ್ರಗಳನ್ನು ತಿರುಗಿಸುವಂಥದ್ದು. ಆ ಗಾಳಿಗೆ ಕೀಟದ ಆಕಾರದ ಪಟ ಹಾರಿಸಬೇಕೆನ್ನುವವರು ಯಾವ ಕೀಟವನ್ನು ಕಟ್ಟಬೇಕೆಂದು ಮೊದಲೇ ತೀರ್ಮಾನಿಸಬೇಕು. ಪಾತರಗಿತ್ತಿ, ಏರೋಪ್ಲೇನ್ ಚಿಟ್ಟೆ ಎರಡನ್ನೂ ಒಂದೇ ಬಿದಿರಿನ ಸೀಳುಗಳಿಂದ, ರೆಕ್ಕೆಯ ತುದಿಯಿಂದ ತುದಿಗೆ 90 ಸೆಂಟಿಮೀಟರ್ ಬರುವಂತೆ ಕಟ್ಟಿ, ಒಂದೇ ಬಯಲಿನಲ್ಲಿ ಹಾರಿಸಿ ನೋಡಿದ ಮೇಲೆ ನನ್ನ ಒಲವು ಎರಡನೆಯದರ ಕಡೆಗಿದೆ.

ಕಟ್ಟುವುದಕ್ಕೆ ಪಾತರಗಿತ್ತಿಯೇ ಸುಲಭ. ನಡುಕಡ್ಡಿ, ದೀಪದ ಉರಿಗೆ ಹಿಡಿದು ಬಗ್ಗಿಸಿದ ರೆಕ್ಕೆಕಡ್ಡಿಗಳು, ಮೇಲೊಂದು ಬಣ್ಣದ ಕಾಗದ ಇದ್ದರೆ ಸಾಕು. ರೆಕ್ಕೆಯ ಹರವು ದೊಡ್ಡದಾದ್ದರಿಂದ ಎಲೆ ಅಲುಗುವಷ್ಟು ಗಾಳಿಗೂ ಏಳುತ್ತದೆ. ಬಿರುಗಾಳಿಯಲ್ಲಿ ಆ ಹರವೇ ತೊಡಕು: ಒಂದು ರೆಕ್ಕೆ ಇನ್ನೊಂದಕ್ಕಿಂತ ತುಸು ಹೆಚ್ಚು ಬಾಗಿದರೂ ಪಟ ವಾಲಿ ಗಿರಕಿ ಹೊಡೆಯುತ್ತದೆ; ತಡೆಯಲೆಂದು ಬಾಲಂಗೋಚಿ ಕಟ್ಟಿದರೆ ಅದರ ಚೆಲುವು ಕೆಡುತ್ತದೆ.

ಏರೋಪ್ಲೇನ್ ಚಿಟ್ಟೆಗೆ ಉದ್ದನೆಯ ಹೊಟ್ಟೆಯೇ ಬಾಲಂಗೋಚಿಯಾಗಿ ತಲೆಯನ್ನು ಸದಾ ಗಾಳಿಗೆದುರಾಗಿ ಹಿಡಿದಿಡುತ್ತದೆ. ಎರಡು ಜೊತೆ ರೆಕ್ಕೆಗಳ ನಡುವಿನ ಸಂದಿಯಿಂದ ಗಾಳಿ ನುಸುಳಿಹೋಗುವುದರಿಂದ ದಾರದ ಎಳೆತವೂ ಹದವಾಗಿರುತ್ತದೆ. ಕೆಲಸ ಮಾತ್ರ ಹೆಚ್ಚು. ನಾಲ್ಕೂ ರೆಕ್ಕೆಗಳ ಕಡ್ಡಿಗಳನ್ನು ನಡುವಿಗೆ ದಾರ ಕಟ್ಟಿ ತೂಗಿ, ಭಾರವಾದ ಕಡೆ ಹೆರೆದು ಸಮ ಮಾಡಬೇಕು. ಹೆರೆಯುವಾಗ ಬಿದಿರಿನ ಹೊರಮೈ ಮುಟ್ಟಬಾರದು, ಏಕೆಂದರೆ ಕಸುವೆಲ್ಲ ಇರುವುದು ಅಲ್ಲಿಯೇ. ಆಷಾಢದ ತುಂತುರಿಗೆ ಕಾಗದ ನೆನೆದು ಹರಿಯುವುದರಿಂದ ಹಳೆಯ ಕೊಡೆಯ ಬಟ್ಟೆ ಹೊದಿಸುವುದು ಲೇಸು. ಚೀನಾದ ಕುಶಲಕರ್ಮಿಗಳು ಇಂಥ ಪಟದ ತಲೆಗೆ ಗಾಳಿಗೆ ತಿರುಗುವ ಕಣ್ಣುಗಳನ್ನು ಕೂರಿಸುತ್ತಾರೆ. ಅದೊಂದು ನೋಡಲೇಬೇಕಾದ ಕೈಚಳಕ.

ನಿಜವಾದ ವ್ಯತ್ಯಾಸ ತಿಳಿಯುವುದು ಸೂತ್ರ, ಅಂದರೆ ಪಟವನ್ನು ಹಾರಿಸುವ ದಾರಕ್ಕೆ ಸೇರಿಸುವ ಎಳೆಗಳನ್ನು, ಕಟ್ಟುವಾಗ. ದಾರ ಸೇರುವ ಗಂಟನ್ನು ತಲೆಯ ಕಡೆಗೆ ಸರಿಸಿದರೆ ಪಟ ಗಾಳಿಯ ಮೇಲೆ ಮಲಗಿ ಎಳೆತ ತಗ್ಗುತ್ತದೆ, ಬಾಲದ ಕಡೆಗೆ ಸರಿಸಿದರೆ ಎದೆಯೊಡ್ಡಿ ನಿಂತು ಎಳೆತ ಹೆಚ್ಚುತ್ತದೆ. ಪಾತರಗಿತ್ತಿಯಲ್ಲಿ ಅರ್ಧ ಬೆರಳಿನಷ್ಟು ಹೆಚ್ಚುಕಡಿಮೆಯಾದರೂ ಪಟ ನೆಲಕ್ಕೆ ಬೀಳುತ್ತದೆ. ಏರೋಪ್ಲೇನ್ ಚಿಟ್ಟೆ ಅದನ್ನು ಸಹಿಸಿಕೊಳ್ಳುತ್ತದೆ.

ಯಾವುದನ್ನೇ ಕಟ್ಟಿದರೂ ಆಷಾಢದಲ್ಲಿ ಕೋಟೆಯ ಬುಡದ ಊರ ಕಡೆ ಹಾರಿಸುವುದು ಬೇಡ. ಪಡುವಣ ಗಾಳಿ ಬಂಡೆಗಳನ್ನು ದಾಟಿ ಅಲ್ಲಿ ಸುಳಿಸುಳಿಯಾಗಿ ಇಳಿಯುತ್ತದೆ. ಬಿತ್ತಿದ ಶೇಂಗಾ ಹೊಲ ತುಳಿಯದೆ, ಗುಡ್ಡದಿಂದ ದೂರದ ಬೀಳು ಬಯಲನ್ನು ಹುಡುಕಿಕೊಳ್ಳಬೇಕು. ದೀಪಾವಳಿ ಕಳೆದು ಗಾಳಿ ಮೂಡಣಕ್ಕೆ ತಿರುಗಿ ಮೆತ್ತಗಾದಾಗ ಕೋಟೆಯ ಬುಡದ ಜಾಗವೂ ಹಾರಿಸಲು ಒದಗುತ್ತದೆ, ಆದರೆ ಏರೋಪ್ಲೇನ್ ಚಿಟ್ಟೆ ಆ ಗಾಳಿಗೆ ಏಳುವುದಿಲ್ಲ. ಆ ತಿಂಗಳುಗಳಿಗೆ ಕಾಗದದ ಪಾತರಗಿತ್ತಿಯನ್ನೇ ಕಟ್ಟಿಟ್ಟುಕೊಳ್ಳಬೇಕು.