ಹತ್ತು ನಿಮಿಷದ ಆನ್‌ಲೈನ್ ಕ್ಯಾಸಿನೊ: ಎರಡು ತಿಂಗಳು ಆಡಿ ಬರೆದ ರಿವ್ಯೂ

ಸೈಟ್‌ನ ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗ ಇಲ್ಲ, ನಾನು ಸೇರಿದಾಗ ಇದ್ದ ವಿಳಾಸ ಈಗ ತೆರೆಯುವುದೇ ಇಲ್ಲ, ಅದರ ನಂತರದ್ದೂ ಇಲ್ಲ. ಇಂಥವು ರಾಶಿ ಇವೆ. ಬಣ್ಣ ಬೇರೆ, ಒಳಗಿನ ಆಟ ಹೆಚ್ಚುಕಡಿಮೆ ಅವೇ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಸಿಎನ್‌ಸಿ ಮಷಿನ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ ನಡೆಸುವವನು. ಶಿಫ್ಟ್‌ನಲ್ಲಿ ಎರಡು ಸಲ ಚಹಾಕ್ಕೆ ಬಿಡುತ್ತಾರೆ, ಹತ್ತು ಹತ್ತು ನಿಮಿಷ. 2025ರ ಜೂನ್‌ನಲ್ಲಿ ನಮ್ಮ ಕಡೆ ಮಳೆ ಹಿಡಿದರೆ ಗೇಟ್ ದಾಟುವುದೂ ಬೇಸರ, ಹಾಗಾಗಿ ಶೆಡ್ ಕೆಳಗೆ ನಿಂತು ಎಲ್ಲರೂ ಮೊಬೈಲ್ ನೋಡುತ್ತಿದ್ದೆವು. ಜೊತೆಗಿದ್ದ ಹುಡುಗನೊಬ್ಬ ಒಂದು ಲಿಂಕ್ ಕಳಿಸಿದ. ಸೇರಿದ್ದು ಹಾಗೆ. ನನ್ನ ಲೆಕ್ಕ ಸರಳ ಇತ್ತು: ದಿನಕ್ಕೆ ಇಪ್ಪತ್ತೇ ನಿಮಿಷ, ಒಂದು ಆಟಕ್ಕೆ 50 ರೂಪಾಯಿ, ಇದರಲ್ಲಿ ಎಷ್ಟು ಅಂತ ಹೋಗುತ್ತೆ? ಗಂಟೆಗಟ್ಟಲೆ ಕೂತವರು ಹಾಳಾಗುತ್ತಾರೆ, ನಾವು ಸುಮ್ನೆ ಟೈಂಪಾಸ್ ಅಲ್ವಾ ಅಂತ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಸೈಟ್ ಬೇಗ ತೆರೆಯುತ್ತದೆ, ಶೆಡ್‌ನಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಇದ್ದರೂ ಆಟ ನಿಲ್ಲುವುದಿಲ್ಲ. ನಮ್ಮ ಬ್ಯಾಂಕಿನ ಆ್ಯಪ್ ಇಷ್ಟು ಚುರುಕಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ದುಡ್ಡಿಲ್ಲದೆ ಆಡುವ ಡೆಮೊ ಕೂಡ ಇದೆ. ಒಂದು ಇಡೀ ಬಿಡುವು ಡೆಮೊ ಆಡಿದೆ, ನಾಲ್ಕನೇ ನಿಮಿಷಕ್ಕೆ ಆಕಳಿಕೆ ಬಂತು. ಅಂದರೆ ನನಗೆ ಬೇಕಾಗಿದ್ದು ಆಟ ಅಲ್ಲ. ಆವತ್ತೇ ಅದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ನಾನು ಜಾಸ್ತಿ ಆಡಿದ್ದು ವಿಮಾನದ ಆಟ. ಗೊತ್ತಿಲ್ಲದವರಿಗೆ: ದುಡ್ಡು ಹಾಕಲು ಐದು ಸೆಕೆಂಡ್ ಕೊಡುತ್ತಾರೆ. ಆಮೇಲೆ ಪುಟ್ಟ ವಿಮಾನ ಏರುತ್ತಾ ಹೋಗುತ್ತದೆ, ಜೊತೆಗೆ ಒಂದು ಅಂಕಿ ಏರುತ್ತದೆ, 1.10, 1.35, 1.80. ವಿಮಾನ ಮಾಯ ಆಗುವ ಮೊದಲು ಬಟನ್ ಒತ್ತಿದರೆ ಹಾಕಿದ ದುಡ್ಡಿಗೆ ಅಷ್ಟು ಪಟ್ಟು ಬರುತ್ತದೆ, ಒತ್ತದಿದ್ದರೆ ಹೋಯಿತು. ಅಷ್ಟೇ ಆಟ. ಕಲಿಯಲು ಅರ್ಧ ನಿಮಿಷ ಸಾಕು.

ನಿಯಮದ ಪುಟದಲ್ಲಿ, ತುಂಬಾ ಕೆಳಗೆ, ನೂರು ಹಾಕಿದರೆ ಸರಾಸರಿ 97 ಆಟಗಾರರಿಗೆ ವಾಪಸ್ ಹೋಗುತ್ತದೆ ಎಂದು ಬರೆದಿತ್ತು. ನಮ್ಮ ಭಾಷೆಯಲ್ಲಿ ನೂರು ಜಾಬ್‌ಗೆ ಮೂರು ರಿಜೆಕ್ಷನ್, ಅಂದರೆ ನೂರು ಭಾಗ ಮಾಡಿದರೆ ಮೂರು ಕೆಟ್ಟವು. ಇದನ್ನು ಓದಿ ನನಗೆ ಖುಷಿಯಾಗಿತ್ತು. ಮೂರೇ ರೂಪಾಯಿ! ಪೇಟೆಯಲ್ಲಿ ಓಸಿ (ಮಟ್ಕಾ) ಬರೆಸುವವರು ಇದನ್ನು ಕೇಳಿದರೆ ನಗುತ್ತಾರೆ, ಅಲ್ಲಿ ಬರೆಸಿಕೊಳ್ಳುವವನು ಇಟ್ಟುಕೊಳ್ಳುವುದು ಇದಕ್ಕಿಂತ ಎಷ್ಟೋ ಜಾಸ್ತಿ.

ಆದರೆ ನಾನು ಮಷಿನ್ ಮುಂದೆ ನಿಲ್ಲುವವನು. ರಿಜೆಕ್ಷನ್ ಎಷ್ಟು ಅಂತ ಕೇಳಿದ ಮೇಲೆ ಸೈಕಲ್ ಟೈಮ್, ಅಂದರೆ ಒಂದು ಜಾಬ್‌ಗೆ ಹಿಡಿಯುವ ಸಮಯ, ಎಷ್ಟು ಅಂತ ಕೇಳದಿದ್ದರೆ ನಮ್ಮ ಸೂಪರ್‌ವೈಸರ್ ಬಿಡುವುದಿಲ್ಲ. ಇಲ್ಲಿ ಅದನ್ನು ಕೇಳಲು ನನಗೆ ಒಂದು ತಿಂಗಳು ಬೇಕಾಯಿತು. ಒಂದು ದಿನ ದುಡ್ಡು ಹಾಕದೆ ಸ್ಟಾಪ್‌ವಾಚ್ ಹಿಡಿದು ಕೂತೆ. 50 ವಿಮಾನ ಹಾರಲು 13 ನಿಮಿಷ ಆಯಿತು. ಅಂದರೆ ಒಂದಕ್ಕೆ ಸುಮಾರು ಹದಿನೈದೂವರೆ ಸೆಕೆಂಡ್, ಹತ್ತು ನಿಮಿಷಕ್ಕೆ 38 ಆಟ. 50 ರೂಪಾಯಿಯಂತೆ 1,900 ರೂಪಾಯಿ ಕೈ ಬದಲಾಯಿಸುತ್ತದೆ. ಅದರಲ್ಲಿ ನೂರಕ್ಕೆ ಮೂರು ಅಂದರೆ 57 ರೂಪಾಯಿ. ಒಂದು ಚಹಾ ಬಿಡುವಿಗೆ ಸರಾಸರಿ 57. ದಿನಕ್ಕೆ ಎರಡು ಬಿಡುವು, ತಿಂಗಳಿಗೆ 26 ದಿನ ಕೆಲಸ, ಗುಣಿಸಿದರೆ 2,964 ರೂಪಾಯಿ. ದಿನಕ್ಕೆ ಇಪ್ಪತ್ತೇ ನಿಮಿಷದ ಟೈಂಪಾಸ್‌ಗೆ ಇದು ಬಿಲ್.

ಹೋಲಿಸಲು ಒಂದು ವಿಷಯ. ನಮ್ಮಲ್ಲಿ ಅರ್ಧ ಊರು ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋಗಿ ಮಾಂಡವಿ ನದಿಯ ಬೋಟ್ ಕ್ಯಾಸಿನೊ ನೋಡಿ ಬಂದಿದೆ, ನಾನೂ ಒಮ್ಮೆ ಹೋಗಿದ್ದೆ. ಅಲ್ಲಿ ರೂಲೆಟ್, ಅಂದರೆ ಚಕ್ರದಲ್ಲಿ ಚೆಂಡು ಯಾವ ಸಂಖ್ಯೆಗೆ ನಿಲ್ಲುತ್ತೆ ಅಂತ ದುಡ್ಡು ಕಟ್ಟುವ ಆಟದ ಮೇಜಿನ ಮುಂದೆ ನಿಂತರೆ ತಿಳಿಯುತ್ತದೆ, ಎಲ್ಲಾ ಎಷ್ಟು ನಿಧಾನ ಅಂತ. ಜನ ಚಿಪ್ ಇಡಬೇಕು, ಡೀಲರ್ ಚೆಂಡು ಬಿಡಬೇಕು, ಅದು ಸುತ್ತಿ ನಿಲ್ಲಬೇಕು, ಗೆದ್ದವರಿಗೆ ಎಣಿಸಿ ಕೊಡಬೇಕು, ನಡುವೆ ಯಾರೋ ಜಗಳ ತೆಗೆಯಬೇಕು. ಗಂಟೆಗೆ 38 ಸಲ ಸುತ್ತಿದರೆ ದೊಡ್ಡದು. ಒಂದೇ ಸೊನ್ನೆ ಇರುವ ಚಕ್ರದಲ್ಲಿ 37 ಮನೆ, ಸರಿಯಾದ ಸಂಖ್ಯೆಗೆ ಒಂದಕ್ಕೆ 35 ಕೊಡುತ್ತಾರೆ, ಕ್ಯಾಸಿನೊದ ಪಾಲು ನೂರಕ್ಕೆ 2.7. ಅದೇ 50 ರೂಪಾಯಿಯ ಲೆಕ್ಕ ಹಿಡಿದರೆ ಗಂಟೆಗೆ 51 ರೂಪಾಯಿ. (ಅಲ್ಲಿ 50 ರೂಪಾಯಿ ಇಡುತ್ತೇನೆ ಅಂದರೆ ನಿಮ್ಮ ಮುಖ ನೋಡುತ್ತಾರೆ, ಇದು ಹೋಲಿಕೆಗೆ ಮಾತ್ರ.) ಬೋಟ್‌ನಲ್ಲಿ ಒಂದು ತಾಸು ನಿಂತು ಕಳೆಯುವಷ್ಟನ್ನು ನಾನು ಶೆಡ್ ಕೆಳಗೆ ಹತ್ತು ನಿಮಿಷದಲ್ಲಿ ಕಳೆಯುತ್ತಿದ್ದೆ. ಅಲ್ಲಿ ಊಟ, ಹಾಡು, ಕುಣಿತವಾದರೂ ಇದೆ.

ಇದು ಗೊತ್ತಾದ ಮೇಲೆ ಸೈಟ್‌ನ ಪ್ರತಿ ಬಟನ್ ಬೇರೆ ಥರ ಕಾಣತೊಡಗಿತು. ಎಲ್ಲವೂ ಸೈಕಲ್ ಟೈಮ್ ಇಳಿಸಲು ಇಟ್ಟಿರುವಂಥವು. ವಿಮಾನದ ಆಟದಲ್ಲಿ ದುಡ್ಡು ಹಾಕುವ ಡಬ್ಬಿ ಒಂದಲ್ಲ, ಎರಡು. ಒಂದೇ ಹಾರಾಟಕ್ಕೆ ಎರಡು ಬೆಟ್. ಆಟೊ ಬೆಟ್ ಇದೆ, ಬೆರಳು ಸಹ ಎತ್ತುವುದು ಬೇಡ. ಪರದೆ ಪೂರ್ತಿ ತುಂಬಿಕೊಳ್ಳುವುದರಿಂದ ಮೊಬೈಲ್‌ನ ಮೇಲುಗಡೆ ಕಾಣುವ ಗಡಿಯಾರವೂ ಮುಚ್ಚಿಹೋಗುತ್ತದೆ. ಸೈರನ್ ಕೂಗಿದಾಗಲೇ ನನಗೆ ಹತ್ತು ನಿಮಿಷ ಆಗಿದ್ದು ಗೊತ್ತಾಗುತ್ತಿತ್ತು. ಚಹಾ ತರುವ ಕಾಕಾ ದಿನಾ ಹೇಳುತ್ತಿದ್ದರು, "ಚಾ ಆರಿ ಹೋತು ನೋಡ್ರಿ ಸಾಹೇಬ್ರ." ಆರಿದ ಚಹಾ ಎಷ್ಟು ಚೆಲ್ಲಿದ್ದೇನೋ ಲೆಕ್ಕ ಇಲ್ಲ.

ಸ್ಲಾಟ್, ಅಂದರೆ ಚಿತ್ರಗಳ ಚಕ್ರ ತಿರುಗಿಸುವ ಆಟದ ಬಗ್ಗೆ ಜಾಸ್ತಿ ಬರೆಯಲು ಏನಿಲ್ಲ, ನನಗೆ ಹಿಡಿಸಲಿಲ್ಲ. ಆಟೊದಲ್ಲಿ ಬಿಟ್ಟರೆ ಮೂರು ಸೆಕೆಂಡಿಗೊಮ್ಮೆ ತಿರುಗುತ್ತದೆ. ಒಂದು ಸಂಗತಿ ಮಾತ್ರ ಹೇಳಬೇಕು. 20 ರೂಪಾಯಿ ಹಾಕಿದಾಗ 8 ರೂಪಾಯಿ ಬಂತು, ಅಂದರೆ 12 ಹೋಯಿತು. ಅದಕ್ಕೆ ನಾಣ್ಯ ಸುರಿಯುವ ಸದ್ದು, ಚಿನ್ನದ ಬಣ್ಣದ ಅಕ್ಷರ, ಗೆದ್ದಿರಿ ಎಂಬ ಅಬ್ಬರ. ಪಕ್ಕದವನು "ಪಾರ್ಟಿ ಯಾವಾಗ?" ಅಂತ ಕೇಳಿದ. ಬ್ರಿಟನ್‌ನಲ್ಲಿ ಜೂಜಿನ ಮೇಲೆ ಕಣ್ಣಿಡುವ ಸರ್ಕಾರಿ ಆಯೋಗ 2021ರ ಅಕ್ಟೋಬರ್‌ನಿಂದ ಆನ್‌ಲೈನ್ ಸ್ಲಾಟ್‌ಗಳಲ್ಲಿ ಇದನ್ನು ನಿಲ್ಲಿಸಿದೆ. ಸೋತದ್ದಕ್ಕೆ ಗೆದ್ದ ಸದ್ದು ಹಾಕುವಂತಿಲ್ಲ, ಆಟೊ ಇಲ್ಲ, ಎರಡೂವರೆ ಸೆಕೆಂಡಿಗಿಂತ ಬೇಗ ತಿರುಗುವಂತಿಲ್ಲ. 2025ರ ಜನವರಿಯಿಂದ ಉಳಿದ ಆನ್‌ಲೈನ್ ಕ್ಯಾಸಿನೊ ಆಟಗಳಿಗೂ ಕಡಿಮೆ ಅಂದರೆ ಐದು ಸೆಕೆಂಡ್ ಎಂದು ಗೆರೆ ಎಳೆದಿದ್ದಾರೆ. ಅಂದರೆ ಸೈಕಲ್ ಟೈಮ್ ವಿಷಯ ಅವರಿಗೆ ಮೊದಲೇ ಗೊತ್ತಿದೆ. ನನಗೇ ತಡ ಆಯಿತು.

ಅಂದರ್ ಬಾಹರ್ ಇತ್ತು, ಕ್ಯಾಮೆರಾ ಮುಂದೆ ನಿಜವಾದ ಹುಡುಗಿ ಎಲೆ ಹಾಕುವಂಥದ್ದು. ನಡುವೆ ಒಂದು ಎಲೆ ತೆರೆದಿಟ್ಟು ಎರಡು ಕಡೆ ಒಂದೊಂದಾಗಿ ಎಲೆ ಹಾಕುತ್ತಾ ಹೋಗುತ್ತಾರೆ, ಅದೇ ಅಂಕಿಯ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ಗೆದ್ದಂತೆ. ದೀಪಾವಳಿಯಲ್ಲಿ ಊರ ಕಟ್ಟೆ ಮೇಲೆ ಇಸ್ಪೀಟ್ ಆಡಿ ಬೆಳೆದವನಿಗೆ ಇದು ತವರುಮನೆ ಇದ್ದ ಹಾಗೆ. ಆದರೆ ಒಂದು ವ್ಯತ್ಯಾಸ. ಮೊದಲ ಎಲೆ ಬೀಳುವ ಕಡೆ ನೂರಕ್ಕೆ 51.5 ಸಲ ಗೆಲ್ಲುತ್ತದೆ. ಕಟ್ಟೆಯ ಮೇಲೆ ಇದನ್ನು ಯಾರೂ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ, ಎರಡೂ ಕಡೆ ಸಮಾ ಕೊಡುತ್ತಿದ್ದರು. ಇಲ್ಲಿ ಆ ಕಡೆ ಗೆದ್ದರೆ 100ಕ್ಕೆ 90 ಮಾತ್ರ ಕೊಡುತ್ತಾರೆ. ಲೆಕ್ಕ ಹಾಕಿದರೆ ಅಲ್ಲಿ ನೂರಕ್ಕೆ 2.15 ಅವರದ್ದು, ಇನ್ನೊಂದು ಕಡೆ 3. ಕಟ್ಟೆ ಮೇಲೆ ಕಳೆದದ್ದು ಸಂಜೆ ಭಜಿ ತಟ್ಟೆಯಲ್ಲಾದರೂ ವಾಪಸ್ ಬರುತ್ತಿತ್ತು.

ಬೋನಸ್ ಕಥೆ ಕೇಳಿ. ಮೊದಲ ಸಲ 500 ಹಾಕಿದರೆ ಇನ್ನೂ 500 ಕೊಡುತ್ತೇವೆ ಅಂದರು. ಕೊಟ್ಟರು. ಆದರೆ ಅದನ್ನು ಹೊರಗೆ ತೆಗೆಯಬೇಕಾದರೆ ಬೋನಸ್‌ನ 35 ಪಟ್ಟು ಆಡಿ ಮುಗಿಸಬೇಕು. ಅಂದರೆ 17,500 ರೂಪಾಯಿಯ ಬೆಟ್. ನೂರಕ್ಕೆ ಮೂರರಂತೆ 525 ಹೋಗುತ್ತದೆ. 500 ಉಚಿತವಾಗಿ ಪಡೆಯಲು 525 ಕೊಡಬೇಕು. ಕುಂದಾ ಅಂಗಡಿಯವನು ರುಚಿ ನೋಡಿ ಅಂತ ಕೊಟ್ಟ ಚೂರಿಗೆ ಇಷ್ಟು ಲೆಕ್ಕ ಹಚ್ಚುವುದಿಲ್ಲ.

ವಿಮಾನದ ಆಟದಲ್ಲಿ 1.20ಕ್ಕೆ ತಾನಾಗಿಯೇ ಹೊರಗೆ ಬರುವಂತೆ ಇಟ್ಟರೆ ಸೋಲುವುದೇ ಇಲ್ಲ ಅಂತ ಲಿಂಕ್ ಕಳಿಸಿದ ಹುಡುಗ ಹೇಳಿದ್ದ. ನಿಜ, ನೂರಕ್ಕೆ ಸುಮಾರು 81 ಸಲ ಗೆಲ್ಲುತ್ತೀರಿ. ಗೆದ್ದಾಗ 10 ರೂಪಾಯಿ, ಸೋತಾಗ 50. ಐದು ಗೆಲುವನ್ನು ಒಂದು ಸೋಲು ನುಂಗುತ್ತದೆ, ಕೊನೆಗೆ ಉಳಿಯುವುದು ಅದೇ ನೂರಕ್ಕೆ ಮೂರು. ಎರಡು ಪಟ್ಟಿಗೆ ಕಾದರೂ ಅದೇ, ಹತ್ತು ಪಟ್ಟಿಗೆ ಕಾದರೂ ಅದೇ. ಯಾವ ದಾರಿಯಲ್ಲಿ ಹೋದರೂ ಟೋಲ್ ಒಂದೇ.

ನನ್ನ ನಿಜವಾದ ಲೆಕ್ಕ ಹೇಳುತ್ತೇನೆ. ಎರಡು ತಿಂಗಳಲ್ಲಿ ಹಾಕಿದ್ದು 11,500. ತೆಗೆದದ್ದು 4,200. ಸೈಟ್‌ನಲ್ಲಿ ಸ್ವಲ್ಪ ಉಳಿದಿದೆ, ಅದನ್ನು ಆಮೇಲೆ ಹೇಳುತ್ತೇನೆ. ಮೇಲಿನ ಗಣಿತಕ್ಕಿಂತ ಜಾಸ್ತಿ ಹೋಗಿದ್ದು ಯಾಕೆ ಅಂದರೆ, ಸೋತ ದಿನ ಎರಡನೇ ಡಬ್ಬಿಯಲ್ಲೂ 50 ಹಾಕುತ್ತಿದ್ದೆ, ಹೋದದ್ದನ್ನು ಸೈರನ್ ಕೂಗುವುದರೊಳಗೆ ಎತ್ತಬೇಕು ಅಂತ. ಬಿಡುವು ಚಿಕ್ಕದು ಅಂದರೆ ಅದೇ ತೊಂದರೆ. ತಾಸುಗಟ್ಟಲೆ ಕೂತವನಿಗೆ ಅವಸರ ಇರುವುದಿಲ್ಲ. ನನಗೆ ಎರಡು ನಿಮಿಷ ಉಳಿದಾಗ ಕೈ ನಡುಗುತ್ತಿತ್ತು.

ಇನ್ನು ದುಡ್ಡಿನ ವ್ಯವಹಾರ. ಇದಕ್ಕೆ ಸೊನ್ನೆ ಸ್ಟಾರ್ ಕೊಡುವ ಅವಕಾಶ ಇದ್ದರೆ ಕೊಡುತ್ತೇನೆ. ಹಾಕುವುದು ಎಂಟು ಸೆಕೆಂಡಿನ ಕೆಲಸ. ಯುಪಿಐ ಕ್ಯೂಆರ್ ಬರುತ್ತದೆ, ಒತ್ತಿದರೆ ಆಯಿತು. ಆದರೆ ಪ್ರತಿ ಸಲ ಬೇರೆ ಬೇರೆ ಹೆಸರು. ಒಂದು ದಿನ ಯಾವುದೋ ಕಿರಾಣಿ ಅಂಗಡಿ, ಇನ್ನೊಂದು ದಿನ ಯಾರೋ ಹೆಣ್ಣುಮಗಳು. ನಮ್ಮ ಮನೆಯವರು ಕರೆಂಟ್ ಬಿಲ್ ಕಟ್ಟಲು ಮೊಬೈಲ್ ತೆಗೆದುಕೊಂಡವರು ಪಟ್ಟಿ ನೋಡಿ, "ಏನ್ರೀ ಇದು, ಇಷ್ಟ್ ಮಂದಿಗೆ ಯಾಕ ರೊಕ್ಕ ಕೊಟ್ಟೀರಿ? ಇವಳ್ಯಾರು?" ಅಂದರು. ಕ್ಯಾಸಿನೊ ಅಂತ ಹೇಳಿ ಪಾರಾದೆ ಅಂದರೆ ನಂಬಬೇಕು ನೀವು, ಆವತ್ತು ಅದೇ ಚಿಕ್ಕ ತಪ್ಪು ಆಗಿತ್ತು.

ದುಡ್ಡು ತೆಗೆಯುವುದು ಮಾತ್ರ ಈ ಇಡೀ ಸೈಟ್‌ನಲ್ಲಿ ನಿಧಾನವಾಗಿ ನಡೆಯುವ ಒಂದೇ ಕೆಲಸ. ಒಮ್ಮೆ ಎರಡು ದಿನ, ಒಮ್ಮೆ ಆರು ದಿನ. ಕಾಯುವಾಗ "ರದ್ದು ಮಾಡಿ ಮತ್ತೆ ಆಡಿ" ಎಂಬ ಹಸಿರು ಬಟನ್ ಮಿನುಗುತ್ತಲೇ ಇರುತ್ತದೆ. ಎರಡು ಸಲ ಒತ್ತಿದ್ದೇನೆ. ಬಂದ ದುಡ್ಡೂ ಯಾರದೋ ಉಳಿತಾಯ ಖಾತೆಯಿಂದ ಬರುತ್ತದೆ. ಲಿಂಕ್ ಕಳಿಸಿದ ಹುಡುಗನಿಗೆ ಹೀಗೆ ಬಂದ 2,000 ರೂಪಾಯಿ ಯಾವುದೋ ಸೈಬರ್ ವಂಚನೆಯ ದೂರಿನಲ್ಲಿದ್ದ ಖಾತೆಯದ್ದಂತೆ. ಅವನ ಖಾತೆಯೇ ತಡೆಹಿಡಿದರು, ಗಣೇಶ ಹಬ್ಬದ ಮುಂದೆ ಪಗಾರ ತೆಗೆಯಲು ಆಗಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ದೂರು ಬೇರೆ ರಾಜ್ಯದ್ದು, ಅಲ್ಲಿನ ಪೊಲೀಸರಿಂದ ಪತ್ರ ತನ್ನಿ ಅಂದರು. ಯಾರೋ ಮೋಸ ಹೋಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದಾರೆ, ಅವರ ದುಡ್ಡು ಇವನ ಗೆಲುವಾಗಿ ಬಂದಿದೆ.

ತೆರಿಗೆ ಇಲ್ಲ ಅನ್ನುವುದು ಈ ಸೈಟ್‌ನವರ ದೊಡ್ಡ ಜಾಹೀರಾತು. ನಮ್ಮ ದೇಶದ ಆ್ಯಪ್‌ಗಳಿಗೆ 2023ರ ಅಕ್ಟೋಬರ್ 1ರಿಂದ ಆಟಗಾರ ಹಾಕಿದ ದುಡ್ಡಿನ ಮೇಲೇ 28% ಜಿಎಸ್‌ಟಿ ಬಂದಿತ್ತು, ಅದಕ್ಕೂ ಮೊದಲು ಅದೇ ವರ್ಷದ ಏಪ್ರಿಲ್‌ನಿಂದ ಗೆದ್ದದ್ದರಲ್ಲಿ 30% ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ. ಇವರು ಎರಡನ್ನೂ ಹಿಡಿಯುವುದಿಲ್ಲ, ಯಾಕೆಂದರೆ ಇವರು ಇಲ್ಲಿ ಇಲ್ಲವೇ ಇಲ್ಲ. 2025ರ ಆಗಸ್ಟ್ 22ರಂದು ಹೊಸ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ಅದು ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ, ಜಾಹೀರಾತು ಹಾಕಿದವರಿಗೂ ಶಿಕ್ಷೆ ಇದೆ, ಆಡುವವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಇಲ್ಲಿನ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು. ನಮ್ಮ ಸೈಟ್ ವಿಳಾಸ ಬದಲಿಸಿತು. ಸಹಾಯಕ್ಕೆ ಚಾಟ್‌ನಲ್ಲಿ ಕೇಳಿದರೆ, "ಪ್ರಿಯ ಗ್ರಾಹಕರೇ, ಎಲ್ಲಾ ಸರಿ ಇದೆ, ಇವತ್ತು ಡಿಪಾಸಿಟ್ ಮಾಡಿದರೆ 20% ಜಾಸ್ತಿ" ಅಂತ ಉತ್ತರ.

ವೇಗಕ್ಕೆ ಐದರಲ್ಲಿ ಐದು. ಉಳಿದದ್ದಕ್ಕೆಲ್ಲಾ ಸೇರಿ ಒಂದು, ಅದೂ ಡೆಮೊಗೆ.

ಆಗಸ್ಟ್ ನಂತರ ಆಡಿಲ್ಲ. ಸೈಟ್‌ನಲ್ಲಿ ನನ್ನ 340 ರೂಪಾಯಿ ಉಳಿದಿದೆ. ತೆಗೆಯಬೇಕಾದರೆ ಕಡಿಮೆ ಅಂದರೂ 500 ಇರಬೇಕಂತೆ, ಅಂದರೆ ಇನ್ನೂ 160 ಹಾಕಬೇಕು ಇಲ್ಲವೇ ಗೆಲ್ಲಬೇಕು. ವಿಳಾಸ ಈಗ ಮೂರನೇ ಸಲ ಬದಲಾಗಿದೆ. ಮೊನ್ನೆ ಹೊಸ ಲಿಂಕ್ ಬಂದಾಗ ತೆರೆದು ನೋಡಿದೆ, ಬೋನಸ್ ಹೋಗಿದೆ, ಹಳೆಯ ಲೆಕ್ಕದ ಪುಟ ಹೋಗಿದೆ, ಆ 340 ಮಾತ್ರ ಒಂದು ಪೈಸೆ ಹೆಚ್ಚುಕಡಿಮೆ ಇಲ್ಲದೆ ಅಲ್ಲೇ ಕೂತಿದೆ.